ಓದನ್ನು ಓದುವುದು

ಆಗಸ್ಟಿನ ಆ ಗುರುವಾರ ಕೆಮಿಸ್ಟ್ರಿ ಕೈಕೊಟ್ಟಿತು.
ಒಂದೇ ಒಂದು ದರ್ಜೆ. ಫಾರ್ಮಸಿಯ ಬಾಗಿಲು
ಒಂದು ಈಮೇಲಿನಷ್ಟೇ ಸದ್ದು ಮಾಡಿ ಮುಚ್ಚಿತು.
ರಾತ್ರಿಪಾಳಿ ಮುಗಿಸಿ ಬಂದ ಅಮ್ಮ
ಬೂಟು ಬಿಚ್ಚದೆಯೇ ಮೆಟ್ಟಿಲ ಮೇಲೆ ಕೂತಿದ್ದಳು.
ನಾನು ಉಳಿಕೆ ಸೀಟುಗಳ ಸಾಲಿನಲ್ಲಿ
ಫೋನು ಕಿವಿಗೊತ್ತಿಕೊಂಡು ನಲವತ್ತು ನಿಮಿಷ
ಯಾರೋ ನುಡಿಸಿದ ಪಿಯಾನೊ ಕೇಳುತ್ತಿದ್ದೆ.

ಕೊನೆಗೊಂದು ದನಿ: ಶಿಕ್ಷಣಶಾಸ್ತ್ರದಲ್ಲಿ ಜಾಗವಿದೆ.
ಯಾಕೆ ಶಿಕ್ಷಣ, ಎರಡು ಮಾತಲ್ಲಿ ಹೇಳುತ್ತೀರಾ?
ಮಕ್ಕಳೆಂದರೆ ಇಷ್ಟ, ಅಂದೆ.
ಮಕ್ಕಳೆಂದರೆ ನನಗೆ ಭಯ.
ಸುಳ್ಳಿಗೂ ಸಂಡರ್‌ಲ್ಯಾಂಡಿನಲ್ಲಿ ಸೀಟು ಸಿಕ್ಕಿತು.

ಹಾಸನದಿಂದ ಚಿಕ್ಕಮ್ಮ: ಏನೇ ಓದ್ತಿದ್ದೀಯ?
ಓದನ್ನೇ ಓದ್ತಿದ್ದೀನಿ ಚಿಕ್ಕಮ್ಮ.
ಅಂದ್ರೆ ಟೀಚರಾ?
ಅಲ್ಲ.
ಮತ್ತೆ?

ಆ 'ಮತ್ತೆ' ಮೂರು ವರ್ಷ ನನ್ನ ಜೊತೆ ಬಸ್ಸು ಹತ್ತಿ ಇಳಿಯಿತು.

ಮೊದಲ ವಾರ ಹೆಸ್ಲಪ್ ಮೇಡಂ ಖಾಲಿ ಹಾಳೆ ಹಂಚಿ
ನಿಮ್ಮ ಮೊದಲ ತರಗತಿಯ ಚಿತ್ರ ಬರೆಯಿರಿ ಅಂದರು.
ನಾನು ಬರೆದದ್ದು ಕೋಟು ತೂಗುಹಾಕುವ ಗೂಟ,
ಅದರ ಮೇಲೆ ಅಂಟಿಸಿದ ಹೆಸರು.
ಕ್ಷಮಾ ಎಂಬುದು ಶಾಮಾ ಆಗಿತ್ತು.
ಯಾರೂ ತಿದ್ದಲಿಲ್ಲ, ನಾನೂ ಹೇಳಲಿಲ್ಲ,
ಏಳು ವರ್ಷ ಶಾಮಾಳ ಗೂಟಕ್ಕೇ ಕೋಟು ಹಾಕಿದೆ.

ಕೀರನ್ ಬರೆದದ್ದು ಬರೀ ಬಾಗಿಲು. ಹೊರಗಿನಿಂದ.
ಹಿಡಿಕೆಯ ಬಳಿ ಬಣ್ಣ ಎದ್ದುಹೋದ ಜಾಗ ಕೂಡ
ನೆನಪಿತ್ತು ಅವನಿಗೆ, ಒಳಗಿನದೇನೂ ಇಲ್ಲ.
ನಿನ್ನ ಭಾಷೆಯಲ್ಲಿ ಇದಕ್ಕೆ ಏನಂತಾರೆ, ಕೇಳಿದ.
ಶಿಕ್ಷಣ, ಅಂದೆ.
ಪಕ್ಕದ ಮನೆಯಲ್ಲೇ ಶಿಕ್ಷೆ ಇದೆ ಅಂತಲೂ ಹೇಳಿದೆ.
ನಕ್ಕ. ಇಲ್ಲೂ ಅಷ್ಟೇ,
ನಡುವೆ ಒಂದು ಬಾಗಿಲು.

ಲೈಬ್ರರಿಯ ಕಿಟಕಿಯ ಕೆಳಗೆ ವೇರ್ ನದಿ
ಕಡಲಿಗೆ ಹೊರಟೂ ಹೊರಡದ ಹಾಗೆ.
ಒಂದೊಂದು ವಾಕ್ಯಕ್ಕೆ ನಾಲ್ಕು ಸಲ ಹಿಂದಿರುಗುತ್ತಿದ್ದೆ.
ಬಂಡವಾಳ ಅಂದರೆ ದುಡ್ಡೇ ಅಲ್ಲವಂತೆ,
ಊಟದ ಮೇಜಿನ ಮೇಲೆ ಆಡುವ ಮಾತೂ ಅಂತೆ.
ನಮ್ಮ ಮೇಜಿನ ಮೇಲೆ ಪಾಳಿಯ ಪಟ್ಟಿ,
ಸಾರಿನ ಡಬ್ಬಿ, ಅದರ ಮುಚ್ಚಳದ ಮೇಲೆ
'ಬಿಸಿ ಮಾಡ್ಕೋ' ಎಂಬ ಅಮ್ಮನ ಅಕ್ಷರ.
ಇದು ಬಂಡವಾಳವೋ ಸಾಲವೋ ಎಂದು
ಪ್ರಬಂಧದಲ್ಲಿ ಬರೆದೆ. ಐವತ್ತೆಂಟು ಬಂತು.
ಅಂಚಿನಲ್ಲಿ ಹಸಿರು ಶಾಯಿ: ಆಧಾರ ಎಲ್ಲಿ?

ಡೆನೀಸ್‌ಗೆ ಐವತ್ತೆರಡು.
ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಸೌಟು ಹಿಡಿದವಳು,
ನಮ್ಮೆಲ್ಲರಿಗಿಂತ ಮೊದಲು ಬಂದು ಹಿಂದಿನ ಸಾಲಲ್ಲಿ ಕೂರುವವಳು.
ಬಡತನದ ಗ್ರಾಫು ಪರದೆಯ ಮೇಲೆ ಏರಿ ಇಳಿಯುತ್ತಿದ್ದಾಗ
ಕೈ ಎತ್ತದೆಯೇ ಹೇಳಿದಳು:
ಶುಕ್ರವಾರ ಎರಡನೇ ಸಲ ಬಡಿಸಿಕೊಳ್ಳಲು ಬರುವ ಮಕ್ಕಳೇ ಬೇರೆ.
ಸೋಮವಾರ ಮಾತಾಡದೆ ತಿನ್ನುವವರೂ ಅವರೇ.
ಆಮೇಲೆ, ಏನೋ ಚೆಲ್ಲಿದವಳ ಹಾಗೆ:
ಇದು ಯಾವ ಪುಸ್ತಕದಲ್ಲೂ ಇಲ್ಲ, ಸಾರಿ.

ಹೆಸ್ಲಪ್ ಮೇಡಂ ಪೆನ್ನಿನ ಮುಚ್ಚಳ ತೆಗೆದರು.
ನಾವಲ್ಲ, ಅವರು ಬರೆದುಕೊಂಡರು.
ಅಷ್ಟು ಹೊತ್ತು ಯಾರೂ ಏನೂ ಮಾತಾಡಲಿಲ್ಲ.
ಹೊರಗೆ ಕಡಲಹಕ್ಕಿಯೊಂದು ಯಾರದೋ ಚಿಪ್ಸಿಗೆ ಎರಗಿತು.

ಈ ಆಗಸ್ಟು ಹೆಡ್‌ಫೋನು ನನ್ನ ತಲೆಯ ಮೇಲೆ.
ಎರಡು ವಾರದ ಕೆಲಸ, ಗಂಟೆಗಿಷ್ಟು ಅಂತ.
ಪಿಯಾನೊ ಈ ಕಡೆ ಕೇಳುವುದಿಲ್ಲ, ಆ ಕಡೆಗೆ ಮಾತ್ರ.
ಹುಡುಗನೊಬ್ಬ. ಫಿಸಿಕ್ಸ್ ಕೈಕೊಟ್ಟಿದೆ.
ಹೆಸರು ಒಮ್ಮೆಗೇ ತಿಳಿಯಲಿಲ್ಲ,
ಅಕ್ಷರ ಅಕ್ಷರ ಹೇಳಿಸಿಕೊಂಡೆ, ಎರಡು ಸಲ.
ಮುಂದಿನ ಸಾಲು ಪರದೆಯ ಮೇಲೆ ಕಾಯುತ್ತಿತ್ತು:
ಯಾಕೆ ಶಿಕ್ಷಣ?
ಅವನ ಬೆನ್ನ ಹಿಂದೆ, ಬೂಟು ಬಿಚ್ಚದೆ
ಯಾರೋ ಮೆಟ್ಟಿಲ ಮೇಲೆ ಕೂತಂಥ ಒಂದು ಮೌನ.

ಊಟ ಆಯ್ತಾ, ಅಂದೆ.
ಇಂಗ್ಲಿಷಿನಲ್ಲಿ ಅದು ಎಷ್ಟು ವಿಚಿತ್ರವಾಗಿ ಕೇಳಿತೆಂದರೆ
ಪಕ್ಕದ ಕುರ್ಚಿಯವಳು ತಿರುಗಿ ನೋಡಿದಳು.

ಇಲ್ಲ, ಅಂದ.

ಏನಾದರೂ ತಿಂದು ಫೋನು ಮಾಡು.
ಏಳರವರೆಗೂ ಇರ್ತೀನಿ.